ಹಳೆ ಗ್ವಾಡಿಗೆ ಮೆತ್ತನ್ನ ತ್ಯಾಪಿ

ಹೋದ ವಾರ ನಮ್ಮ ನಾದಿನಿ ಫೋನ್ ಮಾಡಿದ್ಲು. "ವೈನಿ, ದೇವರ ಮನಿ ಗ್ವಾಡಿ ಬುಡಕ ಬೆಳ್ಳಗ ಉಪ್ಪು ಬರಾಕ ಹತ್ತೈತಿ. ಕೈಲೆ ಒರಸಿದ್ರ ಇಟ್ಟಂಗಿನ ಪುಡಿಪುಡಿ ಉದರತೈತಿ. ಬಣ್ಣದವ್ರು ಬಂದು ನೋಡಿದ್ರು. ಹಳೆ ಗಿಲಾವು ಕೆತ್ತಿ ಗಟ್ಟಿ ಸಿಮೆಂಟ್ ಹೊಡದು, ಮ್ಯಾಲೆ ವಾಟರ್‌ಪ್ರೂಫ್ ಬಣ್ಣ ಹಚ್ಚಿಬಿಟ್ರ ಹತ್ತು ವರ್ಷ ಚಿಂತಿಲ್ಲ ಅಂತಾರ. ಹೊಡಸ್ಲೇನು?" ಅಂತ ಕೇಳಿದ್ಲು.

"ಒಂದ ವಾರ ತಡಿಯವಾ. ಫೋನಿನ್ಯಾಗ ಹೇಳಿ ಮುಗಿಯೂ ಮಾತಲ್ಲಿದು, ಬರದು ಹಾಕ್ತೀನಿ," ಅಂದೆ. ಅದಕ್ಕ ಈ ಬರಹ. ಆಕಿಗಂತ ಬರದ್ರೂ, ಹಳೆ ಇಟ್ಟಂಗಿ ಮನ್ಯಾಗ ಬಾಳೇವು ಮಾಡೂ ನಮ್ಮ ಓಣಿ ಮಂದಿಗೆಲ್ಲಾ ಇದು ಬೇಕಾದದ್ದ. ಮತ್ತ ಇದ್ರಾಗ ನಂದೊಂದು ತಪ್ಪು ಐತಿ. ಅದನ್ನೂ ಹೇಳಿಬಿಡ್ತೀನಿ.

ನಮ್ಮ ಮನಿ ಬೆಳಗಾವಿ ಹಳೆ ಊರಾಗ ಐತಿ. ತಲಬಾಗಲ ಚೌಕಟ್ಟಿನ ಮ್ಯಾಲೆ 1908 ಅಂತ ಕೆತ್ತ್ಯಾರ. ಬುನಾದಿ ಕಲ್ಲಿಂದು, ಅದರ ಮ್ಯಾಲೆ ಒಂದೂವರಿ ಫೂಟು ದಪ್ಪನ್ನ ಇಟ್ಟಂಗಿ ಗ್ವಾಡಿ, ಮ್ಯಾಲೆ ಹಂಚು. ಇಟ್ಟಂಗಿ ನಡುವ ಮಣ್ಣು, ಹೊರಗಿನ ಸಂದಿಗೆ ಗಚ್ಚು, ಒಳಗ ಸುಣ್ಣದ ಗಿಲಾವು. ಗಚ್ಚು ಅಂದ್ರ ಸುಣ್ಣಾ, ಉಸುಕು ಕೂಡಿಸಿ ಗಾಣದಾಗ ಅರದದ್ದು. ಈಗಿನ ಹುಡುಗ್ರಿಗೆ ಗಾಣ ಅಂದ್ರ ಎಣ್ಣಿದು ಅಷ್ಟ ಗೊತ್ತು. ಸುಣ್ಣದ ಗಾಣಾನೂ ಇರತಿತ್ತು. ದುಂಡಗ ತೆಗ್ಗು ತೋಡಿ, ಕಲ್ಲು ಹಾಸಿ, ಅದರಾಗ ದೊಡ್ಡ ಕಲ್ಲಿನ ಗಾಲಿ ಇಟ್ಟು, ಎತ್ತು ಹೂಡಿ ತಿರಗಸತಿದ್ರು.

ನಾ 1986ರಾಗ ಮದಿವ್ಯಾಗಿ ಈ ಮನಿಗೆ ಬಂದೆ. ಪ್ರತಿ ವರ್ಷ ದಸರಾ ಮುಂದ ಅತ್ತಿ ಸುಣ್ಣದ ಕೆಲಸಾ ಹಿಡಿತಿದ್ರು. ಹಿತ್ತಲದಾಗ ಬ್ಯಾರಲ್ಲಿನ್ಯಾಗ ನೀರು ತುಂಬಿ, ಸುಣ್ಣದ ಹಳ್ಳು ಹಾಕಿದ್ರ ಕೊತಕೊತ ಕುದೀತಿತ್ತು. ಮಕ್ಕಳ್ನ ಹತ್ರ ಬಿಡತಿರಲಿಲ್ಲ, ಕಣ್ಣಿಗೆ ಸಿಡದ್ರ ಕಣ್ಣ ಹೋಗತೈತಿ. ನಾಕು ದಿನಾ ಬಿಟ್ಟು, ಹಳೆ ಧೋತರದಾಗ ಸೋಸಿ, ಚೂರು ನೀಲಿ ಹಾಕಿ, ಪುಂಡಿ ನಾರಿನ ಕುಂಚದ್ಲೆ ಗ್ವಾಡಿಗೆ ಬಳೀತಿದ್ವಿ. ಅಂಗೈ ಎಲ್ಲಾ ಬಿರದು ಉರೀತಿತ್ತು. ನನಗ ಅದು ದೊಡ್ಡ ತ್ರಾಸಿನ ಕೆಲಸ ಅನಸತಿತ್ತು. ಅತ್ತಿ ಮಾತ್ರ ಎಲ್ಲೆರೆ ಗಿಲಾವು ಉದರಿದ್ರ ಅಷ್ಟ ಜಾಗಾಕ್ಕ ಸುಣ್ಣಾ ಉಸುಕು ಕಲಸಿ ಮೆತ್ತಿ, ಕೈಲೆ ತಿಕ್ಕಿ, ಮ್ಯಾಲೆ ಸುಣ್ಣಾ ಬಳದು ಮುಂದ ಹೋಗತಿದ್ರು. ಅದಕ್ಕ ಯಾರೂ ರಿಪೇರಿ ಅಂತಿರಲಿಲ್ಲ. ಹಬ್ಬದ ತಯಾರಿ ಅಂತಿದ್ರು.

1994ರಾಗ ಇದ ನಾದಿನಿ ಮದಿವಿ ಗೊತ್ತಾತು. ಬೀಗರು ಬರೂ ಹೊತ್ತಿಗೆ ಪಡಸಾಲಿ ಗ್ವಾಡಿ ಬುಡಕ ಒಂದು ಗೇಣು ಸುಣ್ಣಾ ಉಬ್ಬಿ ಹಕ್ಕಳಿ ಎದ್ದಿತ್ತು. ನನಗ ನಾಚಿಕಿ ಆತು. ಓಣ್ಯಾಗ ಒಬ್ಬೊಬ್ರ ಸಿಮೆಂಟ್ ಗಿಲಾವು ಮಾಡಿಸಿ ಮ್ಯಾಲೆ ಆಯಿಲ್ ಪೇಂಟ್ ಹೊಡಸಾಕ ಹತ್ತಿದ್ರು. ಗ್ವಾಡಿ ಕನ್ನಡಿ ಹಂಗ ಹೊಳೀತಿತ್ತು. ವರ್ಷಾ ಸುಣ್ಣಾ ಬಳಿಯೂ ಕೆಲಸಾನೂ ಇಲ್ಲ. ನಾ ಹಟಾ ಹಿಡದೆ. ಅತ್ತಿ ಒಂದ ಮಾತು ಅಂದ್ರು: "ಹಳೆ ಗ್ವಾಡಿಗೆ ಅಷ್ಟು ಗಟ್ಟಿದು ತಡಿಯೂದಿಲ್ಲವಾ." ನಾ ನಕ್ಕೆ. ಗಟ್ಟಿದು ಹಾಕಿದ್ರ ಗ್ವಾಡಿ ಗಟ್ಟಿ ಆಗಬೇಕಲ್ಲ, ತಡಿಯೂದಿಲ್ಲ ಅಂದ್ರ ಏನು ಅಂತ. ನಮ್ಮ ಮನಿಯವರು ನನ್ನ ಮಾತಿಗೆ ಹೂಂ ಅಂದ್ರು. ಒಳಗ ನಾಕು ಫೂಟಿನ ತನಾ ಸುಣ್ಣದ ಗಿಲಾವು ಕೆತ್ತಿ ಸಿಮೆಂಟ್ ಹೊಡಸಿದ್ವಿ. ಮ್ಯಾಲಿಂದ ಕೆಳಗಿನ ತನಾ ಆಯಿಲ್ ಪೇಂಟ್. ಹೊರಗ ರಸ್ತೆ ಕಡೆ ಇಟ್ಟಂಗಿ ಸಂದ್ಯಾಗಿನ ಗಚ್ಚು ಕೆದರಿ ತಗದು, ಅಲ್ಲೂ ಸಿಮೆಂಟ್ ತುಂಬಿಸಿದ್ವಿ. ಮದಿವಿ ಚಂದಾಗಿ ಆತು. ಬೀಗತಿ ಗ್ವಾಡಿ ಮ್ಯಾಲೆ ಕೈಯಾಡಿಸಿ ನೋಡಿದ್ದು ನನಗ ಇನ್ನೂ ನೆನಪೈತಿ.

ಮೂರು ವರ್ಷ ಚೊಲೋನ ಇತ್ತು. ನಾಕನೇ ಮಳಿಗಾಲಕ್ಕ ಸಿಮೆಂಟ್ ಮುಗಿಯೂ ಕಡೆ, ನಾಕು ಫೂಟಿನ ಮ್ಯಾಲೆ, ಒಂದು ವಲ್ಲನ್ನ ಗೆರಿ ಮೂಡಿತು. ಮೊದಲ ಒಂದು ಗೇಣಿನ ತನಾ ಇದ್ದ ತಂಪು ಈಗ ಎದಿ ಮಟ್ಟ ಏರಿತ್ತು. ಹತ್ತು ವರ್ಷಕ್ಕ ಕಿಟಕಿ ಮುಟ್ಟಿತು. ಹೊರಗಂತೂ ಕೇಳಬ್ಯಾಡ್ರಿ. ಇಟ್ಟಂಗಿ ಮುಖಾ ಎಲ್ಲಾ ಉದರಿ ಒಳಗ ಸರದಿತ್ತು, ಸಿಮೆಂಟ್ ಸಂದಿ ಅಷ್ಟ ಜೇನಗೂಡಿನ ಗೋಡಿ ಹಂಗ ಹೊರಗ ನಿಂತಿತ್ತು. ಅತ್ತಿ ತಮ್ಮ ಹಾಸಗಿ ಆ ಗ್ವಾಡಿಯಿಂದ ಸರಿಸಿ ನಡುವ ಹಾಕ್ಕೊಂಡ್ರು. 2009ರಾಗ ತೀರಕೊಂಡ್ರು. "ನಾ ಹೇಳಿರಲಿಲ್ಲೇನು" ಅಂತ ಒಂದ ದಿನಾನೂ ಅನ್ನಲಿಲ್ಲ. ಅಂದಿದ್ರ ನನಗ ಹಗರ ಆಗತಿತ್ತು.

2019ರ ಆಗಸ್ಟ್ ಮಳಿ ನಿಮಗೆಲ್ಲಾ ನೆನಪಿರಬೇಕು. ನಮ್ಮ ಜಿಲ್ಲಾದಾಗ ಎಷ್ಟು ಊರು ನೀರಾಗ ನಿಂತಿದ್ದು. ಒಂದು ರಾತ್ರಿ ಪಡಸಾಲ್ಯಾಗ ಧಪ್ ಅಂತ ಸಪ್ಪಳ ಆತು. ಸಿಮೆಂಟ್ ಗಿಲಾವು ಹಾಸಗಲ್ಲಿನಷ್ಟು ದೊಡ್ಡ ತುಂಡು ಬಿದ್ದಿತ್ತು, ತನ್ನ ಸಂಗತೀನ ಇಟ್ಟಂಗಿ ಮುಖಾನೂ ಕಿತಗೊಂಡು. ಮೈದುನ ಬಂದು ನೋಡಿ, "ವೈನಿ, ಇನ್ನ ಈ ಗ್ವಾಡಿ ಆಸೆ ಬಿಡ್ರಿ. ಕೆಡವಿ ಆರ್‌ಸಿಸಿ ಹಾಕೂಣು," ಅಂದ. ಒಂದು ಗ್ವಾಡಿ ಕೆಡವಿದ್ರ ಮ್ಯಾಲಿನ ತೊಲಿ ಇಳಸಬೇಕು, ತೊಲಿ ಇಳಿಸಿದ್ರ ಮಾಡಾ ಇಳಸಬೇಕು, ಅಂದ್ರ ಇಡೀ ಮನೀನ ಹೋತು. ಮನಿಯವರೂ ಸುಮ್ಮನ ಕುಂತ್ರು. "ಒಂದು ಬ್ಯಾಸಗಿ ನನಗ ಕೊಡ್ರಿ. ಆಗಲಿಲ್ಲಂದ್ರ ಕೆಡವ್ರಿ," ಅಂದೆ. ಕೇಳಿದ್ದು ಮನಿ ಸಲವಾಗಿ ಅಷ್ಟ ಅಲ್ಲ, ನನ್ನ ತಪ್ಪು ನಾನ ತಿದ್ದಬೇಕಿತ್ತು.

ಪರಿಚಯದವರು ಹೇಳಿ ಗೋಕಾಕ ಕಡೆಯ ಒಬ್ರು ಹಿರೇ ಗೌಂಡಿ ಬಂದ್ರು. ಕಾಕಾ ಅಂತ ಕರೀತಿದ್ವಿ. ಹಳೆ ಗುಡಿ, ವಾಡೇಕ್ಕೆಲ್ಲಾ ಗಚ್ಚಿನ ಕೆಲಸಾ ಮಾಡಿದವರು. ಗ್ವಾಡಿ ನೋಡಿ ಅವರು ಇಟ್ಟಂಗಿ ಮಾತ ತಗೀಲಿಲ್ಲ. "ನೀರು ಎಲ್ಲಿಂದ ಬರತೈತಿ?" ಅಂತ ಕೇಳಿದ್ರು. ಮನಿ ಸುತ್ತ ಎರಡು ಸಲಾ ತಿರಗಿದ್ರು. ಬಚ್ಚಲ ಮೋರಿ ಒಡದು ಗ್ವಾಡಿ ಬುಡಕ ಇಂಗತಿತ್ತು. ಹಂಚಿನ ದೋಣಿ ತೂತಾಗಿತ್ತು. ರಸ್ತೆ ಏರೇರಿ ನಮ್ಮ ಕಟ್ಟಿ ಸಮ ಬಂದು ಮಣ್ಣು ಇಟ್ಟಂಗಿಗೆ ತಾಗಿ ಕುಂತಿತ್ತು. "ಅಕ್ಕಾರ, ಮೊದಲ ಇವು ಮೂರು. ನೀರ ನಿಲ್ಲಸದ ಇಟ್ಟಂಗಿ ಬದಲಿ ಮಾಡೂದಂದ್ರ, ಸೋರೂ ಕೊಡದಾಗ ಹಾಲು ಹಾಕಿದಂಗ," ಅಂದ್ರು.

ಆಮ್ಯಾಲೆ ನಾ ಕೇಳಿದೆ, ಇಪ್ಪತ್ತೈದು ವರ್ಷದಿಂದ ಮನಸಿನ್ಯಾಗ ಇದ್ದದ್ದು: "ಗಟ್ಟಿದು ಹಾಕಿದ್ರ ಯಾಕ ಕೆಟ್ಟಿತು?" ಕಾಕಾ ಕಟ್ಟಿ ಮ್ಯಾಲೆ ಒಣಹಾಕಿದ್ದ ಕೌದಿ ತೋರಿಸಿದ್ರು. "ಇದಕ್ಕ ಹೊಸಾ ಜೀನ್ಸ್ ಅರಿವಿ ತ್ಯಾಪಿ ಹಚ್ಚತೀರೇನು?" ಹಚ್ಚೂದಿಲ್ಲ. ಹಳೆ ಸೀರಿ ಮೆತ್ತಗಿರತೈತಿ, ಬಿರುಸು ತ್ಯಾಪಿ ಹೊಲದ್ರ ಜಗ್ಗಿದಾಗ ತ್ಯಾಪಿ ಹರಿಯೂದಿಲ್ಲ, ತ್ಯಾಪಿ ಸುತ್ತ ಇರೂ ಹಳೆ ಅರಿವಿ ಹರೀತೈತಿ. ಇದು ನಮಗೆಲ್ಲಾ ಗೊತ್ತಿದ್ದದ್ದ. ಅತ್ತಿ ನನಗ ಕೌದಿ ಹೊಲಿಯೂದು ಕಲಸೂ ಮುಂದ ಇದನ್ನ ಹೇಳಿದ್ರು. ಗ್ವಾಡಿಗೂ ಅದ ಮಾತು ಅಂತ ನನಗ ತಿಳೀಲಿಲ್ಲ.

ಬುಡದಿಂದ ಏರಿದ ನೀರು ಹೊರಗ ಹೋಗಾಕ ದಾರಿ ಬೇಕು. ಸುಣ್ಣದ ಗಚ್ಚು ಇಟ್ಟಂಗಿಗಿಂತ ಮೆತ್ತಗ, ಸಣ್ಣ ಸಣ್ಣ ತೂತಿನದು. ಹಂಗಾಗಿ ನೀರು ಸಂದಿಯಿಂದ ಹೊರಗ ಬಂದು ಆರತೈತಿ. ನೀರಿನ ಸಂಗಾಟ ಬಂದ ಸವಳು ಸಂದ್ಯಾಗ ಹರಳಗಟ್ಟತೈತಿ. ಗಚ್ಚು ಉದರತೈತಿ, ಇಟ್ಟಂಗಿ ಉಳೀತೈತಿ. ಉದರಿದ ಗಚ್ಚು ಮತ್ತ ತುಂಬಿದ್ರ ಆತು. ಸಂದಿಗೆ ಸಿಮೆಂಟ್ ತುಂಬಿದ್ರ ಆ ದಾರಿ ಬಂದ್ ಆಗತೈತಿ. ನೀರು ಇಟ್ಟಂಗಿ ಮೈಯಿಂದನ ಹೊರಗ ಬರಬೇಕು. ಸವಳು ಇಟ್ಟಂಗಿ ಒಳಗ ಹರಳಗಟ್ಟಿ, ಉಬ್ಬಿ, ಅದರ ಮುಖಾ ಒಡದು ಹಾಕತೈತಿ. ಒಳಗ ಸಿಮೆಂಟ್ ಗಿಲಾವು, ಮ್ಯಾಲೆ ಆಯಿಲ್ ಪೇಂಟ್ ಇದ್ರಂತೂ ನೀರು ಹೊರಗ ಬರಾಕ ಆಗದ ಮ್ಯಾಲಮ್ಯಾಲೆ ಏರತೈತಿ. ನಮ್ಮ ಪಡಸಾಲ್ಯಾಗ ಎದಿ ಮಟ್ಟ ಏರಿದ್ದು ಹಿಂಗ.

ಆವತ್ತಿಂದ ನನಗ ಇಟ್ಟಂಗಿ ಹುಚ್ಚು ಹಿಡೀತು ಅಂತ ಮನ್ಯಾಗ ನಗತಾರ. ಮಗಳ ಇತಿಹಾಸದ ಪುಸ್ತಕದಿಂದ ಚಾಲೂ ಮಾಡಿ ಸಿಕ್ಕದ್ದೆಲ್ಲಾ ಓದಿದೆ. ನಮ್ಮ ಪಡಸಾಲಿ ರೋಗ ಭಾಳ ದೊಡ್ಡ ಮನಿತನಕ್ಕೂ ಬಂದೈತಿ ಅಂತ ಗೊತ್ತಾತು. ಸಿಂಧ್ ಪ್ರಾಂತದ ಮೊಹೆಂಜೊದಾರೊ ಊರು ಸುಮಾರು 4,500 ವರ್ಷದ ಹಿಂದಿಂದು. ಸುಟ್ಟ ಇಟ್ಟಂಗಿ ಊರು. ಅಲ್ಲಿ ಇಟ್ಟಂಗಿಗೆಲ್ಲಾ ಒಂದ ಲೆಕ್ಕ, ದಪ್ಪ ಒಂದಾದ್ರ ಅಗಲ ಎರಡು, ಉದ್ದ ನಾಕು. ಹೆಚ್ಚಿನ ಗ್ವಾಡಿ ಕಟ್ಟಿದ್ದು ಬರೇ ಮಣ್ಣಿನ್ಯಾಗ. ದೊಡ್ಡ ಸ್ನಾನದ ಹೊಂಡಕ್ಕ ಮಾತ್ರ ಜಿಪ್ಸಮ್ ಗಾರಿ, ಹಿಂದ ಡಾಂಬರ ಪದರು ಕೊಟ್ಟು ನೀರು ಹಿಡಿಸ್ಯಾರ. ಎಲ್ಲಿ ಯಾವುದು ಬೇಕೋ ಅಲ್ಲಿ ಅಷ್ಟ.

1922ರಾಗ ಆರ್. ಡಿ. ಬ್ಯಾನರ್ಜಿ ಅವರು ಅಲ್ಲಿ ಅಗಿಯಾಕ ಚಾಲೂ ಮಾಡಿದ್ರು. ಸಾವಿರಾರು ವರ್ಷ ಮಣ್ಣಾಗ ಸುಮ್ಮನ ಮಲಗಿದ್ದ ಇಟ್ಟಂಗಿ ಗಾಳಿಗೆ ಬಂದ ಮ್ಯಾಲೆ ಉದರಾಕ ಹತ್ತಿದ್ವು. ನೆಲದ ನೀರು ಸವಳು. ಇಟ್ಟಂಗ್ಯಾಗ ಏರತೈತಿ, ಬಿಸಲಿಗೆ ಆರತೈತಿ, ಸವಳು ಉಳದು ಒಡೀತೈತಿ. 1932ರಾಗ ಸಕ್ಕರ್ ಕಡೆ ಸಿಂಧೂ ನದಿಗೆ ಬ್ಯಾರೇಜು ಆಗಿ ನೀರಾವರಿ ಬಂದ ಮ್ಯಾಲೆ ನೆಲದ ನೀರು ಇನ್ನೂ ಮ್ಯಾಲೆ ಬಂತು. 1974ರಾಗ ಯುನೆಸ್ಕೊ ಆ ಊರು ಉಳಸಾಕ ಜಗತ್ತಿನ ಎಲ್ಲಾ ದೇಶಕ್ಕ ಕರೆ ಕೊಟ್ಟಿತು. 1980ರಾಗ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಷ್ಟೆಲ್ಲಾ ದೊಡ್ಡ ಮಂದಿ ಕೂಡಿ ಅಲ್ಲಿ ಮಾಡೂ ಮದ್ದು ಏನು ಗೊತ್ತೇನ್ರಿ? ಸವಳಿಲ್ಲದ ಸಿಹಿ ಮಣ್ಣು ಕಲಸಿ ಗ್ವಾಡಿಗೆ ಸಾರಸತಾರ! ಸವಳು ಇಟ್ಟಂಗಿ ಬಿಟ್ಟು ಆ ಮಣ್ಣಿನ್ಯಾಗ ಬಂದು ಕುಂದರತೈತಿ. ಮಣ್ಣು ಉದರಿದ ಮ್ಯಾಲೆ ಮತ್ತ ಸಾರಸೂದು. ಇದನ್ನ ಓದಿದ ದಿನಾ ನಾ ಒಬ್ಬಾಕೀನ ನಕ್ಕೆ. ನಮ್ಮ ಅವ್ವಂದಿರು ಹಬ್ಬ ಹಬ್ಬಕ್ಕ ಮಾಡತಿದ್ದ ಸಾರಣಿ ಅದ ಅಲ್ಲೇನು?

ಅದ ಕಾಲದ ಹರಪ್ಪ ಊರಿಗೆ ಈ ಪುಣ್ಯಾನೂ ಇರಲಿಲ್ಲ. ಅಲ್ಲಿ ದಿಬ್ಬದ ಇಟ್ಟಂಗಿ ಹೊತಗೊಂಡು ಹೋಗಿ ಲಾಹೋರ್–ಮುಲ್ತಾನ್ ರೇಲ್ವೆ ಹಳಿ ಕೆಳಗ ಖಡಿ ಬದಲಿ ಹಾಕಿದ್ರು. ಸುಮಾರು 100 ಮೈಲಿಗೆ ಸಾಲೂವಷ್ಟು ಹೋತು ಅಂತ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಸಾಹೇಬ್ರು 1870ರ ದಶಕದಾಗ ಬರದಾರ. ಹಳೇದು ಅಂದ್ರ ಬರೇ ಖಡಿ ಅಂತ ತಿಳದ್ರ ಹಿಂಗ ಆಗೂದು.

ನಮ್ಮ ಕಡೆ ನೋಡಬೇಕಂದ್ರ ವಿಜಾಪುರದ ಗೋಳಗುಮ್ಮಟ ಐತಲ್ಲ. ಎಲ್ಲಾರೂ ಹೋಗಿ ಕೂಗಿ ಏಳು ಸಲಾ ಮಾರ್ದನಿ ಕೇಳಿ ಬರ್ತೀವಿ. ಆ ಗುಮ್ಮಟ ಕಲ್ಲಿಂದು ಅಂತ ನಾ ತಿಳದಿದ್ದೆ. ಕೆಳಗಿನ ಗ್ವಾಡಿ ಕಲ್ಲಿಂದು ಖರೆ, ಮ್ಯಾಲಿನ ಗುಮ್ಮಟ ಇಟ್ಟಂಗಿದು. ಹೊರಗಿಂದ ಅಳದ್ರ ಸುಮಾರು 44 ಮೀಟರ್ ಅಗಲ, ದಪ್ಪ ಸುಮಾರು 3 ಮೀಟರ್. ಇಟ್ಟಂಗಿ ಸಾಲಿನ ನಡುವ ಸುಣ್ಣದ ಗಚ್ಚು ದಪ್ಪಗ ಹಾಸ್ಯಾರ. ಮಹಮ್ಮದ್ ಆದಿಲ್‌ಶಾಹ 1656ರಾಗ ತೀರಕೊಂಡ. ಆವಾಗಿಂದ ವಿಜಾಪುರದ ಬಿಸಲು, ಮಳಿ, ಸಿಡ್ಲು ಎಲ್ಲಾ ಕಂಡು ಅದು ನಿಂತೈತಿ. ಬಿಸಲಿಗೆ ಅಂಥಾ ಗುಮ್ಮಟಾನೂ ಒಂದು ಚೂರು ಹಿಗ್ಗತೈತಿ, ರಾತ್ರಿ ಕುಗ್ಗತೈತಿ. ಸುಣ್ಣದ ಗಚ್ಚು ಅದಕ್ಕ ತಕ್ಕಂಗ ಬಾಗತೈತಿ, ಸಣ್ಣ ಸೀಳು ಬಿಟ್ರ ತಾನ ಕೂಡಕೋತೈತಿ.

ತಾನ ಹೆಂಗ ಕೂಡಕೋತೈತಿ ಅಂತೀರೇನು? ನಮ್ಮ ಎಲಿ ಅಡಕಿ ಸಂಚಿ ತಗದು ನೋಡ್ರಿ. ಸುಣ್ಣದ ಡಬ್ಬಿ ಮುಚ್ಚಳಾ ತಗದು ಎರಡು ದಿನಾ ಬಿಟ್ರ ಸುಣ್ಣಾ ಕಲ್ಲಾಗತೈತಿ. ಸುಣ್ಣದ ಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನ್ಯಾಗ ಸುಟ್ರ ಅದರಾಗಿನ ಒಂದು ಗಾಳಿ ಹಾರಿ ಹೋಗಿ ಹಳ್ಳು ಉಳೀತೈತಿ. ನೀರು ಹಾಕಿದ್ರ ಕುದ್ದು ಬೆಣ್ಣಿ ಹಂಗ ಆಗತೈತಿ. ಗ್ವಾಡಿಗೆ ಹಚ್ಚಿದ ಮ್ಯಾಲೆ ನಿಧಾನಕ್ಕ ನಾವು ಉಸಿರು ಬಿಡೂ ಗಾಳಿನ್ನ, ಅಂದ್ರ ಇಂಗಾಲದ ಡೈಆಕ್ಸೈಡ್ ಹೀರಕೊಂಡು ಮತ್ತ ಕಲ್ಲಾಗತೈತಿ. ಮಳಿನೀರಿಗೆ ಚೂರು ಕರಗಿ ಸೀಳಿನ್ಯಾಗ ಹೋಗಿ ಅಲ್ಲೂ ಕಲ್ಲಾಗತೈತಿ. ಇದಕ್ಕ ಅವಸರ ಆಗೂದಿಲ್ಲ. ತಿಂಗಳು, ವರ್ಷ ಹಿಡೀತೈತಿ.

ಬೇಗ ಬಿಗಿಯಬೇಕು, ನೀರಾಗೂ ಬಿಗಿಯಬೇಕು ಅಂದ್ರ ಹಳೆ ಮಂದಿ ಸುಣ್ಣದಾಗ ಸುಟ್ಟ ಇಟ್ಟಂಗಿ ಪುಡಿ ಹಾಕತಿದ್ರು. ಅದ ಸುರ್ಕಿ. 1911ರಾಗ ಚಾಲೂ ಆದ ಮೈಸೂರ ಕಡೆಯ ಕನ್ನಂಬಾಡಿ ಕಟ್ಟೀನೂ ಸುರ್ಕಿ ಗಾರಿದ ಅಂತ ಸಾಲ್ಯಾಗ ಓದಿದ್ದು ನೆನಪಿರಬೇಕು. ಅಂದ್ರ ಸುಣ್ಣಾ ಕೈಲಾಗದವರ ಸಾಮಾನಲ್ಲ.

ಮತ್ತ ಸಿಮೆಂಟ್ ಎಲ್ಲಿಂದ ಬಂತು? 1824ರಾಗ ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಅನ್ನಾಂವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡ. ಅಂವಾ ಸ್ವತಃ ಇಟ್ಟಂಗಿ ಗೌಂಡಿ. ಬಿಗದ ಮ್ಯಾಲೆ ಪೋರ್ಟ್‌ಲ್ಯಾಂಡ್ ಕಲ್ಲಿನ ಹಂಗ ಕಾಣತೈತಿ ಅಂತ ಆ ಹೆಸರು. ಹೊಸಾ ಕಟ್ಟಡಕ್ಕ, ಸೇತುವಿಗೆ, ಕಾಂಕ್ರೀಟಿಗೆ ಅದು ವರಾನ. ಅದನ್ನ ನಾ ಬೈಯೂದಿಲ್ಲ. ತಪ್ಪು ಆದದ್ದು ಹಳೆ ಮೆತ್ತನ್ನ ಗ್ವಾಡಿಗೂ ಅದನ್ನ ಬಳದದ್ರಾಗ. ಈ ತಪ್ಪು ನಾ ಒಬ್ಬಾಕೀನ ಮಾಡಿಲ್ಲ, ಇಂಗ್ಲೆಂಡಿನ ಹಳೆ ಇಟ್ಟಂಗಿ ಮನ್ಯಾಗೂ ಇದ ಕಥಿ. ಈಗ ಅಲ್ಲೂ ಸಿಮೆಂಟ್ ಕೆದರಿ ತಗದು ಸುಣ್ಣಾ ತುಂಬತಾರ.

ನಮ್ಮ ದೇಶದ ಪುರಾತತ್ವ ಇಲಾಖೆಯ ಜಾನ್ ಮಾರ್ಷಲ್ ಸಾಹೇಬ್ರು 1923ರಾಗ ಹಳೆ ಕಟ್ಟಡಾ ಹೆಂಗ ಕಾಯಬೇಕು ಅಂತ ಒಂದು ಕೈಪಿಡಿ ಬರದ್ರು. ಹೊಸದು ಮಾಡಿ ತೋರಸೂದಲ್ಲ, ಇದ್ದದ್ದನ್ನ ಇದ್ದಂಗ ಕಾಯೂದ ಮೊದಲ ಕೆಲಸ ಅನ್ನೂದು ಅದರ ತಿರುಳು. ಮೊಹೆಂಜೊದಾರೊ ಸುದ್ದಿ ಜಗತ್ತಿಗೆ ತಿಳಿಸಿದವ್ರೂ ಇವರ. ನನಗ ಅನಸೂದು ಇಷ್ಟ: ಕಟ್ಟಿಸಿದವರ ಹೆಸರು, ವರ್ಷ ಬಾಗಲ ಮ್ಯಾಲೆ ಕೆತ್ತಿರತಾರ. ಆದ್ರ ಒಂದು ಗ್ವಾಡಿ ನೂರು ವರ್ಷ ನಿಲ್ಲೂದು ಕಟ್ಟಿದ ದಿನದ್ಲೆ ಅಲ್ಲ, ಆಮ್ಯಾಲೆ ವರ್ಷಾ ವರ್ಷಾ ಮೆತ್ತಿ, ಸಾರಿಸಿ, ಬಳದ ಕೈಯಿಂದ. ಆ ಕೈ ಬಹಳ ಮಾಡಿ ಹೆಣ್ಮಕ್ಕಳದ. ಗಚ್ಚಿನ ಮಾಳಿಗಿ ಹಾಕೂ ಮುಂದ ಸಾಲಾಗಿ ಕುಂತು ಕಟಗಿ ಬಡಗಿಲೆ ದಿನಗಟ್ಟಲೆ ಬಡೀತಿದ್ದವರೂ ಹೆಣ್ಮಕ್ಕಳ. ಅವರ ವರ್ಷ ಯಾವ ಚೌಕಟ್ಟಿನ ಮ್ಯಾಲೂ ಇಲ್ಲ.

ಇನ್ನ ನಮ್ಮ ಗ್ವಾಡಿಗೆ ಬರೂಣು. ದೀಪಾವಳಿ ಆದ ಮ್ಯಾಲೆ ಕಾಕಾ ಸಿಮೆಂಟ್ ತಗಿಯಾಕ ಕುಂತ್ರು. ಮಷೀನು ಬ್ಯಾಡ ಅಂದ್ರು, ಅದು ಇಟ್ಟಂಗಿನ್ನೂ ಅಳ್ಳಾಡಸತೈತಿ. ಸಣ್ಣ ಉಳಿ, ಸಣ್ಣ ಸುತ್ತಿಗಿ. ನಾಕು ಫೂಟಿನ ಮ್ಯಾಲಿನ ಅಂಚಿನ್ಯಾಗ, ಆಯಿಲ್ ಪೇಂಟಿನ ಕೆಳಗ, ಹಳೆ ಸುಣ್ಣದ ಒಂದು ಹಕ್ಕಳಿ ಎದ್ದು ಬಂತು. ಕಾಕಾ ಅದನ್ನ ನನ್ನ ಕೈಯಾಗ ಇಟ್ಟು ಅಡ್ಡಾಗಿ ಹಿಡದು ತೋರಿಸಿದ್ರು. ಉಳ್ಳಾಗಡ್ಡಿ ಹಂಗ ಪದರು ಪದರು. ಒಂದು ಬಿಳಿ, ಒಂದು ಚೂರು ನೀಲಿ, ಮತ್ತ ಬಿಳಿ. ವರ್ಷಕ್ಕೊಂದು ಪದರು. ಅತ್ತಿ ಬಳದದ್ದು, ಅವರ ಅತ್ತಿ ಬಳದದ್ದು. ನಲವತ್ತೊಂದರ ತನಾ ಎಣಿಸಿದೆ, ಮುಂದ ಬೆರಳಾಗ ಪುಡಿ ಆತು. ಅದರ ಮ್ಯಾಲೆ ನನ್ನ ಆಯಿಲ್ ಪೇಂಟಿನ ಒಂದ ಪದರು ಪ್ಲಾಸ್ಟಿಕ್ ಹಂಗ ಸುಲದು ಬಂತು.

ಸಿಮೆಂಟ್ ತಗದ ಮ್ಯಾಲೆ ಗ್ವಾಡಿ ಆರಾಕ ಬಿಡಬೇಕು. ಒಂದು ಇಂಚು ದಪ್ಪಕ್ಕ ಒಂದು ತಿಂಗಳು ಅಂತ ಲೆಕ್ಕ. ನಮ್ಮದು 18 ಇಂಚು. "ಹದಿನೆಂಟು ತಿಂಗಳು ಯಾರು ಕಾಯ್ತಾರ? ನೀ ಕೇಳಿದ್ದು ಒಂದು ಬ್ಯಾಸಗಿ," ಅಂತ ಮನಿಯವರು ಅಂದ್ರು. ಅಷ್ಟರಾಗ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆತು, ಕೆಲಸಾ ನಿಂತಿತು. ಹೊರಗ ತಾಡಪತ್ರಿ ಕಟ್ಟಿದ್ವಿ. ಒಳಗ ಬತ್ತಲ ಗ್ವಾಡಿ ನೋಡಿಕೋತ ಇಡೀ ವರ್ಷ ಕಳದ್ವಿ. ಹದಿನೈದು ದಿನಕ್ಕೊಮ್ಮೆ ಉಪ್ಪು ಹೂವಿನ ಹಂಗ ಅರಳತಿತ್ತು. ಒಣಾ ಕಸಬರಿಗಿಲೆ ಉಡಗಿ ಹೊರಗ ಚೆಲ್ಲತಿದ್ದೆ. ನೀರು ಹಚ್ಚಿ ತೊಳೀಬಾರ್ದು, ತೊಳದ್ರ ಕರಗಿ ಮತ್ತ ಒಳಗ ಹೋಗತೈತಿ. ಬರಬರತ ಉಪ್ಪು ಕಡಿಮಿ ಆತು. ಗೆರಿ ಎದಿಯಿಂದ ಟೊಂಕಕ್ಕ, ಟೊಂಕದಿಂದ ಮೊಣಕಾಲಿಗೆ ಇಳೀತು. 2021ರ ಸಂಕ್ರಾಂತಿ ಮರುದಿನಾ ಕಾಕಾ ಬಂದು ಗ್ವಾಡಿ ಬಡದು ಕಿವಿಗೊಟ್ಟು ಕೇಳಿ, "ಈಗ ಹಿಡೀಬಹುದು," ಅಂದ್ರು.

ಒಂದೊಂದ ಇಟ್ಟಂಗಿ ಬಡದು ನೋಡಿದ್ರು. ಠಣ್ ಅಂದದ್ದು ಉಳೀತು, ಬೊದ್ ಅಂದದ್ದಕ್ಕ ಸೀಮೆಸುಣ್ಣದ ಗುರತು. ಹಾಲಿನ ಲೆಕ್ಕದ ಪುಸ್ತಕದಾಗ ನಾ ಬರಕೊಂಡೆ: ಕೆಟ್ಟದ್ದು 386. ಮೈದುನ ಹೇಳಿದ್ದು "ಇಡೀ ಗ್ವಾಡಿ" ಅಂತ! ಈ 386ರಾಗ 140 ಇಟ್ಟಂಗಿಗೆ ಮುಖಾ ಅಷ್ಟ ಹೋಗಿತ್ತು, ಹಿಂಭಾಗ ಗಟ್ಟಿ ಇತ್ತು. ಅವನ್ನ ಮೆಲ್ಲಕ ತಗದು, ತಿಕ್ಕಿ, ಹೊಳ್ಳಿಸಿ ಹಾಕಿದ್ರು. ಅಂಗಿ ಕಾಲರ್ ಸವದ್ರ ಬಿಚ್ಚಿ ಹೊಳ್ಳಿಸಿ ಹೊಲೀತಿದ್ವಲ್ಲ, ಹಂಗ. 170 ಇಟ್ಟಂಗಿ ಹಿತ್ತಲದಾಗ ಬಿದ್ದ ದನದ ಮನಿದು ಸಿಕ್ಕುವು. ಅದ ಕಾಲದ ಇಟ್ಟಂಗಿ, ಅದ ಅಳತಿ. ಉಳದ 76 ಹೊಸಾವು. ಈಗಿನ ಇಟ್ಟಂಗಿ ಅಳತಿ ಹಳೇದಕ್ಕ ಹೊಂದೂದಿಲ್ಲ. ಹಂಗಂತ ಭಾಳ ಗಟ್ಟಿ ಸುಟ್ಟದ್ದೂ ಬ್ಯಾಡ, ಮಗ್ಗಲಿನ ಹಳೇದಕ್ಕ ತ್ರಾಸು. ಖಾನಾಪುರ ಕಡೆ ಮಣ್ಣು ಹಂಚಿಗೆ, ಮಡಿಕಿಗೆ ಹೆಸರಾದದ್ದು. ಅಲ್ಲಿಯ ಒಂದು ಭಟ್ಟ್ಯಾಗ ಹಳೇದೊಂದು ಇಟ್ಟಂಗಿ ಕೊಟ್ಟು ಅದ ಅಳತಿ ಮಾಡಿಸಿ ತಂದ್ವಿ.

ಒಂದ ಸಲಕ್ಕ ನಾಕೈದು ಇಟ್ಟಂಗಿಗಿಂತ ಹೆಚ್ಚು ತಗೀಲಿಲ್ಲ, ಮ್ಯಾಲಿನ ಭಾರ ಕುಸೀಬಾರ್ದು ಅಂತ. ಅವು ಬಿಗದ ಮ್ಯಾಲೆ ಮುಂದಿನವು. ಹಾಕೂ ಇಟ್ಟಂಗಿ ನೀರಾಗ ನೆನಸಬೇಕು, ಒಣಾದು ಹಾಕಿದ್ರ ಗಚ್ಚಿನ ನೀರು ಹೀರಕೊಂಡು ಗಚ್ಚು ಪುಡಿ ಆಗತೈತಿ. ಮ್ಯಾಲಿನ ಸಂದ್ಯಾಗ ಹಂಚಿನ ಚೂರು ಬೆಣಿ ಹಂಗ ಬಡದು ಗಚ್ಚು ತುಂಬಿದ್ರು. ಉಳದ ಸಂದಿ ಎಲ್ಲಾ ಒಂದು ಇಂಚು ಆಳ ಕೆದರಿ ತುಂಬಿದ್ರು. ಗಚ್ಚಿಗೆ ಒಂದು ಪಾಲು ಸುಣ್ಣಾ, ಮೂರು ಪಾಲು ಉಸುಕು, ಮ್ಯಾಲೆ ಒಂದಿಷ್ಟು ಇಟ್ಟಂಗಿ ಪುಡಿ. ಸುಣ್ಣಾ ತಿಂಗಳ ಮೊದಲ ನೆನಿಸಿಟ್ಟದ್ದು. ಬೆಲ್ಲದ ನೀರು, ಅಳಲೆಕಾಯಿ ನೀರೂ ಹಾಕಿದ್ರು, ಅವರ ಹಿರ್ಯಾರು ಹಾಕತಿದ್ರಂತ. ಗೋಣಿತಟ್ಟು ವಲ್ಲಿ ಮಾಡಿ ಹೊದಿಸೂದು ನನ್ನ ಪಾಲಿನ ಕೆಲಸ. ಬಿಸಲಿಗೆ ದಡಾದಡಾ ಒಣಗಿದ್ರ ಸುಣ್ಣಾ ಬಿಗಿಯೂದಿಲ್ಲ. ಎರಡು ತಿಂಗಳು ದಿನಾ ಮೂರು ಸಲಾ ನೀರು ಹನಸಿದೆ. ಬಾಣಂತಿ ಜ್ವಾಪಾನ ಮಾಡಿದಂಗ ಆತು ಅಂತ ನೆಗೆಣ್ಣಿ ಚ್ಯಾಷ್ಟಿ ಮಾಡತಿದ್ಲು.

ಈಗ ಹೆಂಗೈತಿ ಅಂದ್ರ, ಗ್ವಾಡಿ ನಿಂತೈತಿ. ಮೈದುನ ಕೆಡವೂ ಮಾತು ಬಿಟ್ಟಾನ. ಬಚ್ಚಲ ಕಡೆ ಮೂಲ್ಯಾಗ ಇನ್ನೂ ಮಳಿಗಾಲಕ್ಕ ಒಂದು ಗೇಣು ತಂಪು ಬರತೈತಿ, ಸುಣ್ಣದ ಗಿಲಾವು ಅಲ್ಲಿ ಉಬ್ಬತೈತಿ. ಮೊದಲ ನನಗ ಎದಿ ಧಸಕ್ ಅಂತು. "ಅಕ್ಕಾರ, ಅದರ ಕೆಲಸಾನ ಅದು. ತಾ ಕೆಟ್ಟು ಇಟ್ಟಂಗಿ ಕಾಯತೈತಿ. ಉದರಿದಷ್ಟು ಕೆರದು ಮತ್ತ ಮೆತ್ರಿ," ಅಂದ್ರು ಕಾಕಾ. ದಸರಾ ಮುಂದ ಮೆತ್ತತೀನಿ, ಬಳೀತೀನಿ. ಅತ್ತಿ ಮಾಡತಿದ್ದ ಕೆಲಸಾ ಇಪ್ಪತ್ತೈದು ವರ್ಷ ತಪ್ಪಿಸಿ ಮತ್ತ ಹಿಡದೀನಿ. ಈಗೂ ಅಂಗೈ ಬಿರೀತೈತಿ.

ಅದಕ್ಕ ನಾದಿನಿ, ಬಣ್ಣದವ್ರಿಗೆ ಇವತ್ತ ಫೋನ್ ಮಾಡಿ ಬ್ಯಾಡ ಅನ್ನು. ದೇವರ ಮನಿ ಹಿಂದ ನಿಮ್ಮ ನೀರಿನ ಟಾಕಿ ಐತಲ್ಲ, ಮೊದಲ ಅದರ ಪೈಪು ಸೋರತೈತೇನು ನೋಡು. ಗ್ವಾಡಿಗೆ ಹಚ್ಚಿ ಹೂವಿನ ಮಡಿ ಮಾಡಿದ್ರ ಆ ಮಣ್ಣು ತಗಸು. ಉಪ್ಪು ಒಣಾದು ಉಡಗು, ತೊಳೀಬ್ಯಾಡ. ಎಲ್ಲಿಂದರೆ ಗ್ವಾಡಿ ಸೀಳು ಅಗಲ ಆಗಾಕ ಹತ್ತಿದ್ರ, ಹೊಟ್ಟಿ ಉಬ್ಬಿದ್ರ, ಆಗ ಮಾತ್ರ ತಡಾ ಮಾಡದ ತಿಳದ ಎಂಜಿನಿಯರಿಗೆ ತೋರಸು, ಅದು ಬ್ಯಾರೆ ರೋಗ. ಬರೇ ಉಪ್ಪು, ಪುಡಿ ಅಷ್ಟ ಇದ್ರ ಗಾಬರಿ ಆಗಬ್ಯಾಡ.

ನಿನ್ನ ಮದಿವಿಗಂತ ನಾ ಹೊಡಸಿದ ಸಿಮೆಂಟು ನಿನ್ನ ತವರಮನಿ ಗ್ವಾಡಿ ತಿಂದಿತ್ತು. ನಿನ್ನ ಮನಿಗೂ ಅದ ಆಗೂದು ಬ್ಯಾಡ. ಕಾಕಾಗ ಈಗ ವಯಸ್ಸಾಗೈತಿ, ಆದ್ರ ಅವರ ಮೊಮ್ಮಗ ಕೆಲಸಾ ಕಲತಾನ. ಶೀಗಿ ಹುಣ್ಣಿವಿಗೆ ಬರತೀಯಲ್ಲ, ಬರೂ ಮುಂದ ಉದರಿದ ಗಿಲಾವಿಂದು ಒಂದು ಚೂರು, ಇಟ್ಟಂಗಿದು ಒಂದು ತುಂಡು ಚೀಲದಾಗ ಹಾಕ್ಕೊಂಡು ಬಾ. ಅಂವಂಗ ತೋರಸೂಣು. ಸುಣ್ಣಾ ತರೂದು ಬ್ಯಾಡ, ಹಿತ್ತಲದ ಬ್ಯಾರಲ್ಲಿನ್ಯಾಗ ನೆನಿಸಿಟ್ಟದ್ದು ಐತಿ, ಹೋಗೂ ಮುಂದ ಡಬ್ಬಿ ತುಂಬಿ ಕೊಡತೀನಿ.